ಲಿಲಿಪಾಂಡ್‌ನಲ್ಲಿ ಓವರ್‌ರೈಡ್ ಕೆಲಸ ಮಾಡದಿದ್ದರೆ

ಶಿವಮೊಗ್ಗ, ಸಾಗರದ ಕಡೆ ಮಕ್ಕಳ ವಯೋಲಿನ್ ಪಾಠಕ್ಕೆ ಲಿಲಿಪಾಂಡ್‌ನಲ್ಲಿ (ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಸ್ವರಲಿಪಿಯಾಗಿಸುವ ತಂತ್ರಾಂಶ) ಹಾಳೆ ಸಿದ್ಧಮಾಡುವವರೇ, ಓವರ್‌ರೈಡ್ (ಚಿಹ್ನೆಯ ರೂಪ ಬದಲಿಸುವ ಆದೇಶ) ಬರೆದರೂ ಏನೂ ಬದಲಾಗದಿದ್ದರೆ ಕಾಂಟೆಕ್ಸ್ಟ್ ಹೆಸರನ್ನೂ ಸೇರಿಸಿ. ಕಾಂಟೆಕ್ಸ್ಟ್ ಅಂದರೆ ಚಿಹ್ನೆ ಸೇರಿದ ಹಂತ: ಇಡೀ ಕೃತಿ ಸ್ಕೋರ್, ಐದು ಗೆರೆಗಳ ಸಾಲು ಸ್ಟಾಫ್, ಆ ಸಾಲಿನೊಳಗಿನ ಒಂದು ಸ್ವರಧಾರೆ ವಾಯ್ಸ್. ಉದಾಹರಣೆಗೆ, ತಾಳದ ಗುರುತಿಗೆ ಬರೀ ‘ಟೈಮ್‌ಸಿಗ್ನೇಚರ್’ ಸಾಲದು, ‘ಸ್ಟಾಫ್.ಟೈಮ್‌ಸಿಗ್ನೇಚರ್’ ಅಂತ ಬರೆಯಬೇಕು. ಸ್ವರಗಳ ನಡುವೆ ಕಾಂಟೆಕ್ಸ್ಟ್ ಹೇಳದೆ ಬರೆದದ್ದು ವಾಯ್ಸ್‌ಗೆ ಹೋಗುತ್ತದೆ. ಆದರೆ ಕ್ಲೆಫ್ (ಸಾಲಿನ ಆರಂಭದ ಸ್ವರಸ್ಥಾನದ ಗುರುತು), ಟೈಮ್ ಸಿಗ್ನೇಚರ್ ಹುಟ್ಟುವುದು ಸ್ಟಾಫ್‌ನಲ್ಲಿ. ಬಾರ್ ನಂಬರ್, ಟೆಂಪೊ ಗುರುತು ಸ್ಕೋರ್‌ನಲ್ಲಿ. ತಪ್ಪು ಜಾಗಕ್ಕೆ ಹೋದರೂ ಎರರ್ ಬರುವುದಿಲ್ಲ, ಹಾಗಾಗಿ ಸುಮ್ನೆ ಬೇರೆ ಕಡೆ ಹುಡುಕುತ್ತೇವೆ, ಅಲ್ವಾ? ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಒಂದೇ ಸ್ವರಕ್ಕೆ ಬಣ್ಣ ಹಾಕಬೇಕಾದರೆ ಮಾತ್ರ ಈ ಉಪಾಯ ನಡೆಯದು, ಕಾರ್ಡ್‌ನ ಎಲ್ಲ ಸ್ವರಗಳ ಬಣ್ಣವೂ ಬದಲಾಗುತ್ತದೆ. ಅಲ್ಲಿ ಕಾರ್ಡ್‌ನ ಒಳಗೇ, ಆ ಸ್ವರ ಬರೆಯುವ ಮೊದಲು, ಟ್ವೀಕ್ (ಅದೊಂದಕ್ಕೇ ಅನ್ವಯಿಸುವ ಆದೇಶ) ಹಾಕಿ.