ಸಂತೆಯ ರಾಶಿಯಲ್ಲಿ ಮೊದಲು ಭುಜ ನೋಡಿ

ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ಟಾರ್ಪಾಲಿನ ಮೇಲೆ ಹಳೆ ಬಟ್ಟೆಯ ರಾಶಿ ಕಂಡರೆ ಸಾಕು, ನಾನು ತರಕಾರಿ ಮರೆತು ಅಲ್ಲೇ ಕೂತುಬಿಡುತ್ತೇನೆ. ಮನೆಯವರು ಗೊಣಗುತ್ತಾ ಚೀಲ ಹಿಡಿದು ನಿಲ್ಲುತ್ತಾರೆ.

ಮನೆಯಲ್ಲಿ ಹೊಲಿದು ಸರಿಮಾಡಿಕೊಳ್ಳಲು ಹಳೆ ಬಟ್ಟೆ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ, ಮೊದಲು ಭುಜ ನೋಡಿ. ಬದಿ ಅಗಲವಿದ್ದರೆ ಒಳಗೆ ಹಿಡಿದು ಒಂದು ನೇರ ಹೊಲಿಗೆ ಹಾಕಿದರಾಯಿತು. ಉದ್ದ ಜಾಸ್ತಿಯಾದರೆ ಮಡಚಬಹುದು. ಭುಜ ಇಳಿಬಿದ್ದಿದ್ದರೆ ಮಾತ್ರ ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಅದು ಹೊಸಬರ ಕೈಗೆ ಬಗ್ಗುವ ಕೆಲಸವಲ್ಲ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನುಸಿ ತಿಂದ ತೂತು, ಸವೆದ ಜಾಗ ಎಲ್ಲಾ ಆಗ ಕಾಣುತ್ತದೆ. ಗುಂಡಿ ಹೋಗಿದ್ದರೆ ಅದನ್ನೇ ತೋರಿಸಿ ಹತ್ತು ರೂಪಾಯಿ ಇಳಿಸಿ. ಕಂಕುಳು ಸವೆದದ್ದು ಪುಕ್ಕಟೆ ಕೊಟ್ಟರೂ ಬೇಡ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇಂಥ ಬಟ್ಟೆ ತರಲೇಬೇಡಿ. ವಾರವಾದರೂ ಒಣಗುವುದಿಲ್ಲ, ಬೂಷ್ಟಿನ ವಾಸನೆ ಕಪಾಟಿಗೆಲ್ಲಾ ಹತ್ತುತ್ತದೆ. ಮಳೆ ಬಿಟ್ಟ ಮೇಲೆ ತಂದು, ಒಗೆದು, ಬಿಸಿಲಿಗೆ ಹಾಕಿ, ನಂತರವೇ ಕತ್ತರಿ ಹಿಡಿಯಿರಿ.

ಉಣ್ಣೆ ಸ್ವೆಟರಿಗೆ ತಣ್ಣೀರೇ ಸರಿ. ಒಮ್ಮೆ ನಾನು ಯಜಮಾನರಿಗೆಂದು ತಂದ ಒಳ್ಳೆ ಸ್ವೆಟರನ್ನು ಹಂಡೆಯ ಬಿಸಿನೀರಿಗೆ ಅದ್ದಿ ತಿಕ್ಕಿದೆ. ಅದು ಮೊಮ್ಮಗನಿಗೂ ಬಿಗಿಯಾಯಿತು! ಆದರೆ ಹಾಗೆ ಕುಗ್ಗಿ ದಪ್ಪವಾದ ಉಣ್ಣೆಯನ್ನು ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಬಿಸಿ ಪಾತ್ರೆ ಇಳಿಸಲು ಅದರ ತುಂಡುಗಳನ್ನೇ ಈಗಲೂ ಬಳಸುತ್ತೇನೆ. ಕುಗ್ಗದ ಸ್ವೆಟರಿನ ತೋಳು ಗಿಡ್ಡ ಮಾಡುವುದಾದರೆ ಕತ್ತರಿಸುವ ಜಾಗದ ಎರಡೂ ಬದಿಗೆ ಮೊದಲು ಜಿಗ್‌ಜ್ಯಾಗ್ ಹೊಲಿಗೆ ಹಾಕಿ. ಇಲ್ಲದಿದ್ದರೆ ಒಂದು ಎಳೆ ಹಿಡಿದು ಅರ್ಧ ತೋಳೇ ಬಿಚ್ಚಿ ಬರುತ್ತದೆ.

ಕಾಫಿ ಕುಯ್ಯುವಾಗ ಸೀರೆಯ ಮೇಲೆ ಹಾಕಿಕೊಳ್ಳಲು ಗಂಡಸರ ತುಂಬುತೋಳಿನ ಶರ್ಟು ಬೇಕಲ್ವಾ? ಅದಕ್ಕೆ ಈ ರಾಶಿಯೇ ಸಾಕು. ಕಾಲರಿನ ಮಡಿಕೆ ಸವೆದಿದ್ದರೆ ಕತ್ತಿನ ಪಟ್ಟಿಯಿಂದ ಕಾಲರನ್ನು ಬಿಚ್ಚಿ, ತಿರುಗಿಸಿ, ಅದೇ ಜಾಗಕ್ಕೆ ಹೊಲಿಯಿರಿ. ಸವೆದ ಮೈ ಕೆಳಗೆ ಹೋಗುತ್ತದೆ. ಗುರುತು ಮಾಡಲು ಚಾಕ್ ಹುಡುಕಬೇಡಿ, ಸವೆದ ಸ್ನಾನದ ಸೋಪಿನ ಒಣ ಚೂರು ಸಾಕು. ಒಗೆದರೆ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಹಳೆ ಪ್ಯಾಂಟಿನಿಂದ ಹೊಲಿಯುವ, ಜಿಗಣೆ ತಡೆಯುವ ಕಾಲುಚೀಲ. ಹೆಣೆದ ಸಾಕ್ಸಿನ ಸಂದಿಯಲ್ಲಿ ಜಿಗಣೆ ಸಲೀಸಾಗಿ ತೂರುತ್ತದೆ, ಒತ್ತಾಗಿ ನೇಯ್ದ ದಪ್ಪ ಹತ್ತಿ ಪ್ಯಾಂಟಿನಲ್ಲಿ ಅದರ ಆಟ ನಡೆಯುವುದಿಲ್ಲ. ಜೀನ್ಸ್ ಬೇಡ, ಒದ್ದೆಯಾದರೆ ಭಾರ. ಪ್ಯಾಂಟಿನ ಒಂದು ಕಾಲನ್ನು ಚಪ್ಪಟೆಯಾಗಿ ಹಾಸಿ. ಅಗಲವಿರುವ ತೊಡೆಯ ಕಡೆ ಪಾದ ಬರಲಿ, ಒಂದು ಬದಿಯ ಹೊಲಿಗೆ ಹಿಮ್ಮಡಿಯ ಹಿಂದೆ ಬರಲಿ. ನಿಮ್ಮ ಪಾದವನ್ನು ಪಕ್ಕಕ್ಕೆ ಮಲಗಿಸಿ ಇಟ್ಟು, ಹಿಮ್ಮಡಿ ಸಲೀಸಾಗಿ ತೂರುವಷ್ಟು ಸುತ್ತ ಧಾರಾಳ ಜಾಗ ಬಿಟ್ಟು, ಮೊಣಕಾಲಿನ ಕೆಳಗಿನವರೆಗೆ ಬೂಟಿನ ಆಕಾರದಲ್ಲಿ ಕತ್ತರಿಸಿ. ಎರಡು ಸಾಲು ಹೊಲಿಗೆ, ಮಿಷನ್ನಿಗೆ 16ನೇ ನಂಬರಿನ ಸೂಜಿ. ಹೊಲಿದ ಅಂಚು ಹೊರಗೇ ಇರಲಿ, ಒಳಗಿದ್ದರೆ ಬೆರಳು ಕೊರೆಯುತ್ತದೆ. ಮೇಲೆ ಮಡಚಿ ಲಾಡಿ ಪೋಣಿಸಿ. ಒಂದು ಪ್ಯಾಂಟಿಗೆ ಒಂದು ಜೊತೆ. ಗಮ್‌ಬೂಟಿನೊಳಗೆ ಹಾಕುವವರು ಬೂಟನ್ನು ಒಂದು ನಂಬರ್ ದೊಡ್ಡದೇ ತನ್ನಿ.