ಬಾರ್ಲಿಯ ಬೆನ್ನು ಹತ್ತಿ: ಸುಮೇರಿನ ಹಳ್ಳಿಗಳು ನಗರಗಳಾದ ಬಗೆಯನ್ನು ಓದುವ ಕ್ರಮ

ನದಿ ಹರಿಯಿತು, ಮಣ್ಣು ಫಲವತ್ತಾಯಿತು, ಜನ ನೆಲೆ ನಿಂತರು, ನಾಗರಿಕತೆ ಹುಟ್ಟಿತು ಎಂದು ನಾಲ್ಕೇ ಮಾತಿನಲ್ಲಿ ಮುಗಿಸುವ ವಿವರಣೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಫಲವತ್ತಾದ ಎಷ್ಟೋ ನದೀ ಬಯಲುಗಳಲ್ಲಿ ನಗರಗಳು ಏಕೆ ಏಳಲಿಲ್ಲ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಈ ವಿಷಯವನ್ನು ಓದಲು ಅಥವಾ ತರಗತಿಯಲ್ಲಿ ವಿವರಿಸಲು ಹೊರಟವರು ಮೆಸೊಪೊಟೇಮಿಯಾ, ಈಜಿಪ್ಟ್, ಸಿಂಧೂ, ಚೀನಾ ಎಂಬ ನಾಲ್ಕು ನದೀ ನಾಗರಿಕತೆಗಳನ್ನು ಒಟ್ಟಿಗೆ ಹಿಡಿಯದೆ, ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳ ಕೆಳಬಯಲಾದ ಸುಮೇರನ್ನು, ಅಂದರೆ ಇಂದಿನ ದಕ್ಷಿಣ ಇರಾಕನ್ನು ಆರಿಸಿಕೊಂಡು, ಅಲ್ಲಿನ ಬಾರ್ಲಿ ಹೊಲದಿಂದ ಯಾರ ಕೈಗೆ ಹೋಯಿತು ಎಂಬುದನ್ನು ಹಿಂಬಾಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮೊದಲ ಕೆಲಸಕ್ಕೆ ಒಂದು ಹಾಳೆ ಸಾಕು. ಹನ್ನೆರಡು ತಿಂಗಳನ್ನು ಸಾಲಾಗಿ ಬರೆದು, ಮೇಲ್ಗಡೆ ನದಿಯ ಏರಿಳಿತವನ್ನೂ ಕೆಳಗಡೆ ಬೆಳೆಯ ಹಂತಗಳನ್ನೂ ಗುರುತಿಸಿ. ಬಾರ್ಲಿಯ ಬಿತ್ತನೆ ಅಕ್ಟೋಬರ್–ನವೆಂಬರ್ ಹೊತ್ತಿಗೆ; ಆಗ ನದಿ ಬಡಕಲಾಗಿರುತ್ತದೆ. ಕಟಾವು ಏಪ್ರಿಲ್–ಮೇ ಹೊತ್ತಿಗೆ. ಅನಟೋಲಿಯಾದ, ಅಂದರೆ ಇಂದಿನ ಟರ್ಕಿಯ ಬೆಟ್ಟಗಳ ಹಿಮ ಕರಗಿ ನದಿ ಉಕ್ಕುವುದೂ ಆಗಲೇ. ಬೇಕಾದಾಗ ನೀರಿಲ್ಲ, ತೆನೆ ಬಲಿತು ನಿಂತಾಗ ಹೊಲದ ಬಾಗಿಲಿಗೆ ಪ್ರವಾಹ. ಅದೇ ಹಾಳೆಯಲ್ಲಿ ನೈಲ್ ನದಿಯನ್ನೂ ಬರೆದು ನೋಡಿದರೆ, ಅದು ಜುಲೈಯಿಂದ ಉಕ್ಕಿ ಬಿತ್ತನೆಗೆ ಸರಿಯಾಗಿ ಇಳಿಯುತ್ತದೆ. ಈಜಿಪ್ಟಿನ ರೈತನಿಗೆ ನದಿಯೇ ಮಾಡಿಕೊಡುತ್ತಿದ್ದ ಕೆಲಸವನ್ನು ಸುಮೇರಿನವನು ಗುದ್ದಲಿ ಹಿಡಿದು ಮಾಡಬೇಕಾಗಿತ್ತು. ಮಳೆ ನಂಬಿ ಬೆಳೆಯುವಂತೆಯೂ ಇರಲಿಲ್ಲ, ಏಕೆಂದರೆ ಅಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಲುವೆ ತೋಡಲು ಅಧಿಕಾರ ಬೇಕಾಯಿತು, ಹೀಗಾಗಿ ರಾಜರು ಹುಟ್ಟಿದರು ಎಂಬ ಸರಳ ತರ್ಕಕ್ಕೆ ಬೀಳಬೇಡಿ. ಪುರಾತತ್ವಜ್ಞ ರಾಬರ್ಟ್ ಆಡಮ್ಸ್ ಇರಾಕಿನ ಬಯಲಿನಲ್ಲಿ ವರ್ಷಗಟ್ಟಲೆ ನಡೆಸಿದ ಸಮೀಕ್ಷೆಗಳು ತೋರಿಸಿದಂತೆ, ಆರಂಭದ ಕಾಲುವೆಗಳು ಹಳ್ಳಿಯವರೇ ತೋಡಿಕೊಳ್ಳಬಹುದಾದಷ್ಟು ಚಿಕ್ಕವು. ದೊಡ್ಡ ಕಾಲುವೆಗಳು ಬಂದದ್ದು ನಗರಗಳೆದ್ದ ಮೇಲೆ. ಕಾಲುವೆಯ ನಿಜವಾದ ಪರಿಣಾಮವನ್ನು ನೆರೆಹೊರೆಯ ಸಂಬಂಧದಲ್ಲಿ ಹುಡುಕಬೇಕು. ಮೇಲಿನ ಹೊಲದವನು ತೂಬು ತೆರೆದರೆ ಕೆಳಗಿನವನಿಗೆ ನೀರಿಲ್ಲ, ಒಬ್ಬನ ಏರಿ ಒಡೆದರೆ ಇನ್ನೊಬ್ಬನ ಬೆಳೆ ಮುಳುಗುತ್ತದೆ. ನೀರಗಂಟಿಯ ಜೊತೆ ಜಗಳವಾಡಿದ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹಳ ಮುಂದೆ, ಕ್ರಿ.ಪೂ. 1750ರ ಸುಮಾರಿಗೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಶಾಸನವು, ತನ್ನ ಏರಿಯನ್ನು ಸೋಮಾರಿತನದಿಂದ ಕಡೆಗಣಿಸಿ ನೆರೆಯವರ ಹೊಲ ಮುಳುಗಿಸಿದವನು ಧಾನ್ಯ ತುಂಬಿಕೊಡಬೇಕು, ಆಗದಿದ್ದರೆ ಅವನನ್ನೂ ಅವನ ಆಸ್ತಿಯನ್ನೂ ಮಾರಿ ಬಂದದ್ದನ್ನು ಬೆಳೆ ಕಳೆದುಕೊಂಡವರು ಹಂಚಿಕೊಳ್ಳಬೇಕು ಎನ್ನುತ್ತದೆ.

ಬಳಿಕ ಸುಮೇರಿನ ಎರಡು ಊರುಗಳನ್ನು, ಎರಿಡು ಮತ್ತು ಉರುಕನ್ನು, ಅಕ್ಕಪಕ್ಕ ಇಡಿ. ಎರಿಡುವಿನಲ್ಲಿ ಕ್ರಿ.ಪೂ. ಆರನೆಯ ಸಹಸ್ರಮಾನದ ಹಸಿ ಇಟ್ಟಿಗೆಯ ಗುಡಿ ಸುಮಾರು ಮೂರು ಮೀಟರ್ ಉದ್ದದ ಒಂದು ಕೋಣೆ, ಅಷ್ಟೇ. ಅದೇ ಜಾಗದಲ್ಲಿ, ಹಳೆಯದರ ಮೇಲೆ ಹೊಸದಾಗಿ, ಎರಡು ಸಾವಿರ ವರ್ಷಗಳ ಕಾಲ ಗುಡಿಗಳು ಏಳುತ್ತಲೇ ಹೋದವು. ನೈವೇದ್ಯದ ಮೀನಿನ ಮುಳ್ಳುಗಳು ಅಲ್ಲಿ ರಾಶಿಯಾಗಿ ಸಿಕ್ಕಿವೆ. ಉರುಕ್ ನಗರವಾದರೋ ಕ್ರಿ.ಪೂ. 3200ರ ವೇಳೆಗೆ 250 ಹೆಕ್ಟೇರಿನಷ್ಟು ಹರಡಿತ್ತು. ದೇವರ ಹೆಸರಿನಲ್ಲಿ ಧಾನ್ಯ ಒಂದೆಡೆ ಸೇರುವುದು, ಅಲ್ಲಿಂದ ಕೆಲಸಗಾರರಿಗೆ ಹಂಚಿಕೆಯಾಗುವುದು, ಹಂಚುವವರು ಹೊಲದಲ್ಲಿ ದುಡಿಯದ ಪ್ರತ್ಯೇಕ ವರ್ಗವಾಗುವುದು: ಈ ಎರಡು ಊರುಗಳ ನಡುವೆ ನಡೆದ ಬದಲಾವಣೆಯ ತಿರುಳು ಇದೇ.

ಇದನ್ನು ಕಣ್ಣಾರೆ ಕಾಣಬೇಕಾದರೆ ಅರಮನೆಗಳ ಚಿತ್ರ ಬಿಟ್ಟು ಒಂದು ಒರಟು ಬಟ್ಟಲಿನ ಚಿತ್ರ ಹುಡುಕಿ. ಓರೆ ಅಂಚಿನ, ನಯವಿಲ್ಲದ, ಅಚ್ಚಿಗೆ ಒತ್ತಿ ಅವಸರದಲ್ಲಿ ಮಾಡಿದ ಈ ಮಣ್ಣಿನ ಬಟ್ಟಲುಗಳು ಉರುಕ್ ಕಾಲದ ನೆಲೆಗಳಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ರೊಟ್ಟಿ ಬೇಯಿಸುವ ಅಚ್ಚುಗಳೆಂದು ಹೇಳುವವರೂ ಇದ್ದಾರೆ. ಬಹುಮಂದಿ ಇವು ದಿನದ ಪಡಿ ಅಳೆಯುವ ಪಾತ್ರೆಗಳೆನ್ನುತ್ತಾರೆ. ಈಗ ಉರುಕಿನ ಜೇಡಿಮಣ್ಣಿನ ಹಲಗೆಗಳ ಕಡೆಗೆ ತಿರುಗಿ. ಆ ಬರಹದಲ್ಲಿ ಇಂಥದೇ ಬಟ್ಟಲಿನ ಆಕಾರ ಆಹಾರವನ್ನು ಸೂಚಿಸುತ್ತದೆ; ಒಂದು ತಲೆ ಬರೆದು ಬಾಯಿಯ ಬಳಿ ಅದೇ ಬಟ್ಟಲನ್ನಿಟ್ಟರೆ ಉಣ್ಣು ಎಂದರ್ಥ, ಲೆಕ್ಕದಲ್ಲಿ ಪಡಿ ಎಂದರ್ಥ. ಆ ಹಲಗೆಗಳಲ್ಲಿ ಪುರಾಣವಿಲ್ಲ, ರಾಜರ ಪರಾಕ್ರಮವಿಲ್ಲ. ಬಹುಪಾಲು ಬಾರ್ಲಿ, ಬಿಯರ್, ಕುರಿ ಮತ್ತು ಆಳುಗಳ ಲೆಕ್ಕ. ಬಾರ್ಲಿಯ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರುವ ‘ಕುಶಿಮ್’ ಎಂಬುದು ವ್ಯಕ್ತಿಯ ಹೆಸರೋ ಹುದ್ದೆಯ ಹೆಸರೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಬರಹದ ಮೊದಲ ಹೆಸರುಗಳಲ್ಲಿ ಒಂದು ಉಗ್ರಾಣದ ಲೆಕ್ಕಿಗನದು ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ವ್ಯಾಪಾರದ ಅಧ್ಯಾಯವನ್ನು ಬೇಗ ದಾಟಬಹುದು. ಕಲ್ಲು, ಲೋಹ, ಒಳ್ಳೆಯ ಮರ ಯಾವುದೂ ಇಲ್ಲದ ಬಯಲಿಗೆ ಎಲ್ಲವೂ ಹೊರಗಿನಿಂದ ಬರಬೇಕಾಗಿತ್ತು. ಉಪ್ಪಿನ ವಿಚಾರವನ್ನು ಮಾತ್ರ ಬಿಡಬೇಡಿ. ಬಸಿದುಹೋಗಲು ದಾರಿಯಿಲ್ಲದ ನೆಲಕ್ಕೆ ಮೇಲಿಂದ ಮೇಲೆ ನೀರು ಕಟ್ಟಿದರೆ ಅಂತರ್ಜಲ ಏರಿ, ಲವಣ ಮೇಲಕ್ಕೆ ಬಂದು, ನೀರು ಆವಿಯಾದ ಮೇಲೆ ಮಣ್ಣಿನಲ್ಲೇ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳು ಎನ್ನುವುದು ಇದನ್ನೇ. ಗೋಧಿಗಿಂತ ಬಾರ್ಲಿ ಉಪ್ಪನ್ನು ಹೆಚ್ಚು ತಾಳಿಕೊಳ್ಳುತ್ತದೆ. ಸುಮೇರಿನ ಲೆಕ್ಕಗಳಲ್ಲಿ ಕ್ರಿ.ಪೂ. 2100ರ ವೇಳೆಗೆ ಗೋಧಿಯ ಪಾಲು ತೀರ ಕುಸಿದದ್ದಕ್ಕೆ ಇದು ಒಂದು ಕಾರಣವೆಂದು ಹೇಳುತ್ತಾರೆ, ಇದೊಂದೇ ಕಾರಣವೆಂಬುದನ್ನು ಒಪ್ಪದವರೂ ಇದ್ದಾರೆ.

ಕೊನೆಗೆ, ಕಲಿತದ್ದನ್ನು ಪರೀಕ್ಷಿಸಲು ಕೃಷ್ಣಾ–ತುಂಗಭದ್ರಾ ಬಯಲಿನ ನವಶಿಲಾಯುಗದ ನೆಲೆಗಳನ್ನು ತೆಗೆದುಕೊಳ್ಳಿ. ಯಾದಗಿರಿ ಜಿಲ್ಲೆಯ ಬೂದಿಹಾಳ, ಬಳ್ಳಾರಿಯ ಸಂಗನಕಲ್ಲು ಮುಂತಾದೆಡೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಹುರುಳಿ ಮತ್ತು ಕಿರುಧಾನ್ಯ ಬೆಳೆದ, ದನ ಸಾಕಿದ, ಸಗಣಿ ಸುಟ್ಟ ಬೂದಿಯ ದಿಬ್ಬಗಳನ್ನೇ ಬಿಟ್ಟುಹೋದ ಜನರಿದ್ದರು. ನದಿಯಿತ್ತು, ಬೇಸಾಯವಿತ್ತು, ಆದರೂ ಉರುಕ್ ಹುಟ್ಟಲಿಲ್ಲ. ಬೇಸಾಯ ಮಳೆಯಾಧಾರಿತವಾಗಿತ್ತೇ, ಸಂಪತ್ತು ಕಣಜದಲ್ಲಿತ್ತೇ ಕೊಟ್ಟಿಗೆಯಲ್ಲಿತ್ತೇ, ಬರ ಬಂದಾಗ ಬೇರೆಡೆಗೆ ಹೋಗುವ ದಾರಿ ಜನರಿಗೆ ತೆರೆದಿತ್ತೇ ಎಂಬ ಮೂರು ಪ್ರಶ್ನೆಗಳನ್ನು, ನೀವು ಮೊದಲು ಬರೆದ ಹನ್ನೆರಡು ತಿಂಗಳ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು, ಎರಡೂ ಬಯಲುಗಳಿಗೆ ಬೇರೆ ಬೇರೆಯಾಗಿ ಉತ್ತರ ತುಂಬಿರಿ.