ಉತ್ತರದ ಚಳಿಗೆ ಹೊರಡುವ ಲಾರಿಯನ್ನು ಸಜ್ಜುಗೊಳಿಸುವುದು ಹೇಗೆ?

ಬೆಂಗಳೂರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ರ ಒಂದು ತುದಿ ಕನ್ಯಾಕುಮಾರಿಯಲ್ಲಿದ್ದರೆ ಇನ್ನೊಂದು ಶ್ರೀನಗರದಲ್ಲಿದೆ. ಈ ದಾರಿ ಹಿಡಿದು ಡಿಸೆಂಬರ್, ಜನವರಿಯಲ್ಲಿ ಸರಕು ಹೊತ್ತು ಹೊರಟ ಲಾರಿ ಪಂಜಾಬಿನ ಮಂಜನ್ನು ದಾಟಿ ಕಾಶ್ಮೀರ ಕಣಿವೆಯ ಹೊಸ್ತಿಲಾದ ಬನಿಹಾಲ್ ತಲುಪುವಷ್ಟರಲ್ಲಿ, ನಮ್ಮ ನಾಡಿನಲ್ಲಿ ಎಂದೂ ಕಾಣದ ಹವೆಗೆ ಸಿಕ್ಕಿರುತ್ತದೆ. ಡಿಸೆಂಬರ್ 21ರಿಂದ ನಲವತ್ತು ದಿನ, ಕಾಶ್ಮೀರಿಗಳು ಚಿಲ್ಲೈ ಕಲಾನ್ ಎಂದು ಕರೆಯುವ ಕಡುಚಳಿಯಲ್ಲಿ, ರಾತ್ರಿಯ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಅಲ್ಲಿ ಲಾರಿ ನಿಂತುಹೋಗಲು ಬಹುಪಾಲು ಕಾರಣ, ಒಳಗೆ ಹರಿಯಬೇಕಾದದ್ದು ಹೆಪ್ಪುಗಟ್ಟುವುದು. ಹಾಗಾಗಿ ಸಿದ್ಧತೆ ಊರಿನ ಗ್ಯಾರೇಜಿನಲ್ಲೇ ಆರಂಭವಾಗಬೇಕು.

ಮೊದಲನೆಯದು ರೇಡಿಯೇಟರ್. ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್ ಕಡಿಮೆಯಾದಾಗಲೆಲ್ಲ ನೀರು ಸುರಿಯುತ್ತ ಬಂದಿದ್ದರೆ ಒಳಗೆ ಉಳಿದಿರುವುದು ಹೆಚ್ಚುಕಡಿಮೆ ನೀರೇ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ, ಒಂದೇ ರಾತ್ರಿಯಲ್ಲಿ ರೇಡಿಯೇಟರ್ ಒಡೆಯಬಹುದು. ಎಂಜಿನ್ ಬ್ಲಾಕ್ ಕೂಡ ಬಿರುಕು ಬಿಡಬಹುದು. ಹಳೆಯದನ್ನು ಪೂರ್ತಿ ಇಳಿಸಿ, ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನೂ ಡಿಸ್ಟಿಲ್ಡ್ ನೀರನ್ನೂ ಸಮಪಾಲಿನಲ್ಲಿ ಬೆರೆಸಿ ತುಂಬಿಸಿದರೆ ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಬೆರೆಸಿಯೇ ಮಾರುವ ಕೂಲೆಂಟ್ ಆಗಿದ್ದರೆ ಅದಕ್ಕೆ ಮತ್ತೆ ನೀರು ಸೇರಿಸಬಾರದು.

ಅನಂತರ ಡೀಸೆಲ್. ಅದರಲ್ಲಿ ಸಹಜವಾಗಿ ಮೇಣದ ಅಂಶವಿದ್ದು, ಚಳಿಗೆ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚಿದರೆ ಟ್ಯಾಂಕ್ ತುಂಬಿದ್ದರೂ ಎಂಜಿನ್ನಿಗೆ ಇಂಧನ ತಲುಪುವುದಿಲ್ಲ. ಹೊರಡುವ ಮುನ್ನ ಫಿಲ್ಟರ್ ಬದಲಿಸಿ, ಫಿಲ್ಟರಿನ ಕೆಳಗೆ ಸಂಗ್ರಹವಾಗುವ ನೀರನ್ನು ಬಿಟ್ಟುಬಿಡಬೇಕು. ಲಡಾಖಿನತ್ತ ಹೋಗುವವರು ಬಯಲಿನ ಡೀಸೆಲನ್ನೇ ನೆಚ್ಚಿಕೊಂಡು ಮೇಲೇರಬಾರದು. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಅಲ್ಲಿಗೆಂದೇ ಬಿಡುಗಡೆ ಮಾಡಿದೆ. ಡೀಸೆಲ್ ಗಟ್ಟಿಯಾದಾಗ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನು ಎಷ್ಟೇ ಅನುಭವಿ ಚಾಲಕರು ಹೇಳಿಕೊಟ್ಟರೂ ಮಾಡಬೇಡಿ. ಸೀಮೆಎಣ್ಣೆ ಬೆರೆಸಿದರೆ ಬಿಎಸ್-6 (ಭಾರತದ ಹೊಗೆ ನಿಯಂತ್ರಣ ಮಾನದಂಡ) ಎಂಜಿನ್ನಿನ ದುಬಾರಿ ಪಂಪು, ಇಂಜೆಕ್ಟರುಗಳು ಹಾಳಾಗುತ್ತವೆ.

ಬಿಎಸ್-6 ಲಾರಿಗಳಲ್ಲಿ ಹೊಗೆಯನ್ನು ಶುದ್ಧಗೊಳಿಸಲು ಬಳಸುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಅದು ಹಿಗ್ಗಲು ಜಾಗವಿರುವಂತೆ ಟ್ಯಾಂಕನ್ನು ಕಂಠಮಟ್ಟ ತುಂಬಿಸದಿದ್ದರೆ ಸಾಕು. ಎಂಜಿನ್ ಚಾಲೂ ಆದ ಮೇಲೆ ಲಾರಿಯೇ ಅದನ್ನು ಕರಗಿಸಿಕೊಳ್ಳುತ್ತದೆ.

ಏರ್ ಬ್ರೇಕಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯಲ್ಲಿನ ತೇವ ಏರ್ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಅದು ಪೈಪಿನಲ್ಲೋ ವಾಲ್ವಿನಲ್ಲೋ ಮಂಜುಗಡ್ಡೆಯಾದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋಗಬಹುದು. ಈ ತೇವವನ್ನು ಹೀರುವ ಏರ್ ಡ್ರೈಯರಿನ ಕಾರ್ಟ್ರಿಜ್ ಹಳೆಯದಾಗಿದ್ದರೆ ಊರಿನಲ್ಲೇ ಬದಲಿಸಿ, ದಾರಿಯಲ್ಲಿ ಪ್ರತಿದಿನ ಲಾರಿ ನಿಲ್ಲಿಸಿದ ಮೇಲೆ ಏರ್ ಟ್ಯಾಂಕುಗಳ ನೀರನ್ನು ಹೊರಬಿಡುವುದು ಕ್ಲೀನರಿನ ಖಾಯಂ ಕೆಲಸವಾಗಲಿ.

ಬ್ಯಾಟರಿಗಳನ್ನು ವಿದ್ಯುತ್ ಹೊರೆ ಹಾಕಿ (ಲೋಡ್ ಟೆಸ್ಟ್) ಪರೀಕ್ಷಿಸಿಕೊಳ್ಳಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವ ಹೊತ್ತಿಗೇ ಎಂಜಿನ್ ಆಯಿಲ್ ಮಂದವಾಗಿ ಸೆಲ್ಫ್ ಮೋಟರಿಗೆ ಹೆಚ್ಚು ಶಕ್ತಿ ಬೇಕಾಗುತ್ತದೆ. ಉಷ್ಣಾಂಶ ಸುಮಾರು 5 ಡಿಗ್ರಿ ಇಳಿದಾಗಲೆಲ್ಲ ಲಾರಿ ಟೈರಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 2 ಪಿಎಸ್‌ಐ ತಗ್ಗುವುದರಿಂದ, ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆದು ಸರಿಪಡಿಸಬೇಕು.

ಹಿಮಕ್ಕಿಂತ ಮೊದಲು ಎದುರಾಗುವುದು ಬಯಲಿನ ಮಂಜು. ಹಿಂಭಾಗದ ಕೆಂಪು, ಪಕ್ಕಗಳ ಹಳದಿ ಪ್ರತಿಫಲಕ ಪಟ್ಟಿಗಳನ್ನು ಒರೆಸಿ, ಕಿತ್ತುಹೋದಲ್ಲಿ ಹೊಸದು ಅಂಟಿಸಿ, ಫಾಗ್ ಲ್ಯಾಂಪ್ ಮತ್ತು ಹಿಂದಿನ ದೀಪಗಳೆಲ್ಲ ಉರಿಯುತ್ತಿವೆಯೇ ನೋಡಿ. ಮಂಜಿನಲ್ಲಿ ಹೈಬೀಮ್ ಬೆಳಕು ಚಾಲಕನ ಕಣ್ಣಿಗೇ ಮರಳಿ ರಾಚುತ್ತದೆ. ಏನೂ ಕಾಣದಷ್ಟು ದಟ್ಟವಾದರೆ ಹೆದ್ದಾರಿಯ ಅಂಚಿನಲ್ಲಿ ನಿಲ್ಲದೆ ಢಾಬಾ ಅಥವಾ ಬಂಕಿನ ಒಳಗೆ ಸೇರಿಕೊಳ್ಳುವುದೇ ಕ್ಷೇಮ.

ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿಯನ್ನು ಎಂಜಿನ್ ತಿರುಗಿಸುವ ಚಕ್ರಗಳಿಗೆ ತೊಡಿಸಬೇಕು. ಕೈ ಮರಗಟ್ಟುವ ಚಳಿಯಲ್ಲಿ ಅದನ್ನು ಕಲಿಯಲಾಗದು. ಊರಿನಲ್ಲಿಯೇ ಒಮ್ಮೆ ಹಾಕಿ ತೆಗೆದು ನೋಡಿ. ಜಾರುವ ರಸ್ತೆಯಲ್ಲಿ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಬ್ರೇಕ್) ಬಳಸಿದರೆ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳಬಹುದಾದ್ದರಿಂದ, ಚಿಕ್ಕ ಗೇರಿನಲ್ಲಿ ನಿಧಾನವಾಗಿ ಇಳಿಯುವುದೊಂದೇ ದಾರಿ.

ಕ್ಯಾಬಿನ್ನಿನಲ್ಲಿ ದಪ್ಪ ಕಂಬಳಿ, ಕೈಗವಸು, ಟಾರ್ಚು, ಸಲಿಕೆ, ಒಣ ತಿಂಡಿ ಇರಲಿ. ಬೆಚ್ಚಗಾಗಲೆಂದು ಕಿಟಕಿ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಹೊತ್ತಿಸಿ ಮಲಗುವುದು ಮಾತ್ರ ಎಂದಿಗೂ ಬೇಡ: ಅದು ಹೊರಸೂಸುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಎಚ್ಚರಗೊಳ್ಳುವುದೂ ಇಲ್ಲ. ಲಾರಿ ಮಾಲೀಕರು ಚಾಲಕ ಮತ್ತು ಕ್ಲೀನರಿಗೆ ಒಳ್ಳೆಯ ಕಂಬಳಿ ಕೊಡಿಸಿ, ರಸ್ತೆ ಮುಚ್ಚಿದ ದಿನಗಳಲ್ಲಿ ವಸತಿಗೃಹದಲ್ಲಿ ತಂಗುವ ಖರ್ಚನ್ನೂ ಮುಂಗಡವಾಗಿ ಕೈಗಿತ್ತು ಕಳುಹಿಸಬೇಕು.